ಕಂಪನಿ ರೌಟರ್ ಇದ್ದ ಹಾಗೇ ಮೆಶ್ ವೈಫೈ ಹಾಕುವುದು ಹೇಗೆ? ದಾವಣಗೆರೆ, ಹಳೇ ಮಹಡಿ ಮನೆ

ಮಹಡಿಮನೆ_ಪಿಜೆ
ಎಲ್ಲರಿಗೂ ನಮಸ್ಕಾರ. ಪಿ.ಜೆ. ಬಡಾವಣೆಯಲ್ಲಿ ನಮ್ಮದು ಹಳೇ ಮನೆ. ಕೆಳಗೆ ದಪ್ಪ ಗೋಡೆಯ ಹಳೇ ಭಾಗ. ಮೇಲೆ ಆಮೇಲೆ ಕಟ್ಟಿಸಿದ ಆರ್‌ಸಿಸಿ ಮಹಡಿ. ಅದರ ಮೇಲೆ ತಾರಸಿಯಲ್ಲಿ ಶೀಟ್ ಹಾಕಿದ ಒಂದು ರೂಮು. ಫೈಬರ್ ಬಂದಿರುವುದು ಕೆಳಗೆ, ಬೀದಿ ಕಡೆಯ ಕಿಟಕಿಯಿಂದ. ನೆಟ್ ಕಂಪನಿ ಕೊಟ್ಟ ರೌಟರ್ ಟಿವಿ ಶೋಕೇಸ್ ಒಳಗೆ ಕೂತಿದೆ. ನಾನು ಮನೆಯಿಂದಲೇ ಕೆಲಸ ಮಾಡುವವಳು, ನನ್ನ ಟೇಬಲ್ ಮಹಡಿಯ ಹಿಂದಿನ ರೂಮಿನಲ್ಲಿದೆ. ಮೀಟಿಂಗ್ ಮಧ್ಯೆ ನನ್ನ ಮುಖ ಬಾಯಿ ತೆರೆದ ಹಾಗೇ ನಿಂತುಬಿಡುತ್ತದೆ.

ಮೈದುನ ಬೆಂಗಳೂರಿನಿಂದ ಮೂರು ಡಬ್ಬಿಯ ಮೆಶ್ ಸೆಟ್ ಕಳಿಸಿದ್ದಾನೆ, ಡಬ್ಬಿಗಳೆಲ್ಲ ಸೇರಿ ಮನೆ ತುಂಬ ಒಂದೇ ವೈಫೈ ಹರಡುವಂಥದ್ದು. ಆ್ಯಪ್ ಹೇಳಿದ ಹಾಗೆ ಒಂದನ್ನು ಕಂಪನಿ ರೌಟರ್‌ಗೆ ಕೇಬಲ್‌ನಲ್ಲಿ ಜೋಡಿಸಿದೆವು. ಇನ್ನೊಂದನ್ನು ಹಿಂದಿನ ರೂಮಿನಲ್ಲಿ, ಮತ್ತೊಂದನ್ನು ತಾರಸಿ ರೂಮಿನಲ್ಲಿ ಇಟ್ಟೆವು. ಹಸಿರು ದೀಪ ಬಂತು, ನೆಟ್ಟೂ ಬಂತು. ಆದರೆ ಕೆಳಗಿನ ಪ್ರಿಂಟರ್ ಈಗ ನನ್ನ ಲ್ಯಾಪ್‌ಟಾಪ್‌ಗೆ ಕಾಣುತ್ತಿಲ್ಲ. ಮಾವನವರ ಫೋನು ಹಳೇ ವೈಫೈಯನ್ನೇ ಹಿಡಿದುಕೊಂಡು ಕೂತಿದೆ. ಹಿಂದಿನ ರೂಮಿನಲ್ಲಿ ಕಡ್ಡಿ ಪೂರ್ತಿ ತೋರಿಸಿದರೂ ಸ್ಪೀಡು 15, 20 ಎಂಬಿಪಿಎಸ್. ನಮ್ಮದು 100ರ ಪ್ಲ್ಯಾನ್. ಕಂಪನಿ ರೌಟರ್ ಕಿತ್ತು ಹಾಕಲೇಬೇಕಾ? ಲೈನ್ ಹುಡುಗ "ಅದನ್ನು ಮುಟ್ಟಬೇಡಿ ಮೇಡಂ" ಎಂದು ಹೇಳಿ ಹೋಗಿದ್ದಾನೆ.

ನೆಟ್‌ಕೆಲಸ_ನಿಟುವಳ್ಳಿ
ಮೇಡಂ, ಕೀಳುವುದು ಬೇಡ. ಫೈಬರ್‌ನಲ್ಲಿ ಬರುವ ಬೆಳಕನ್ನು ನೆಟ್ ಮಾಡಿಕೊಡುವ ಓಎನ್‌ಟಿ ಅದೇ ಡಬ್ಬಿಯೊಳಗೆ ಇದೆ. ಅದನ್ನು ತೆಗೆದರೆ ಮೆಶ್‌ಗೆ ಕೊಡಲು ನಿಮ್ಮ ಹತ್ತಿರ ಏನೂ ಉಳಿಯುವುದಿಲ್ಲ. ಅದು ಅಲ್ಲೇ ಇರಲಿ.

ಒಂದು ಕೆಲಸ ಮಾಡಿ. ಲ್ಯಾಪ್‌ಟಾಪ್‌ನ ವೈಫೈ ಸೆಟ್ಟಿಂಗ್‌ನಲ್ಲಿ ಐಪಿ ಅಡ್ರೆಸ್ ನೋಡಿ. ಪ್ರಿಂಟರ್‌ನ ಮೆನುವಿನಲ್ಲೂ ನೋಡಿ. ಎರಡನ್ನೂ ಇಲ್ಲಿ ಹಾಕಿ. ಇವು ಮನೆಯೊಳಗಿನ ನಂಬರ್, ಹೇಳಿದರೆ ಏನೂ ಆಗುವುದಿಲ್ಲ.

ಮಂಡಿಪೇಟೆ_ಅಂಗಡಿ
ಮೂರು ಡಬ್ಬಿ ಯಾಕ್ರೀ? ಒಂದು ಎಕ್ಸ್‌ಟೆಂಡರ್ ಸಾವಿರ ಚಿಲ್ಲರೆಗೆ ಸಿಗುತ್ತದೆ. ನಮ್ಮ ಅಂಗಡಿಯ ಗೋಡೌನ್‌ಗೆ ಅದನ್ನೇ ಸಿಕ್ಕಿಸಿದ್ದೇನೆ. ಬಿಲ್ ಹಾಕುವುದಕ್ಕೆ ಧಾರಾಳ ಸಾಕು.

ನೆಟ್‌ಕೆಲಸ_ನಿಟುವಳ್ಳಿ
ಅಣ್ಣ, ಬಿಲ್ ಹಾಕುವುದಕ್ಕೆ ಸಾಕು, ವಿಡಿಯೋ ಮೀಟಿಂಗ್‌ಗೆ ಸಾಲದು. ಕಡಿಮೆ ಬೆಲೆಯ ಎಕ್ಸ್‌ಟೆಂಡರ್‌ನಲ್ಲಿ ಒಂದೇ ರೇಡಿಯೋ. ರೌಟರ್ ಮಾತು ಕೇಳಿಸಿಕೊಳ್ಳುವುದೂ ಅದರಲ್ಲೇ, ಅದನ್ನೇ ಫೋನಿಗೆ ತಿರುಗಿ ಹೇಳುವುದೂ ಅದರಲ್ಲೇ. ಹಾಗಾಗಿ ಸ್ಪೀಡು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮೇಲಾಗಿ ಎಷ್ಟೋ ಎಕ್ಸ್‌ಟೆಂಡರ್‌ಗಳಲ್ಲಿ ವೈಫೈ ಹೆಸರೂ ಬೇರೆಯಾಗುತ್ತದೆ.

ಮಹಡಿಮನೆ_ಪಿಜೆ
ನೋಡಿದೆ. ಪ್ರಿಂಟರ್ 192.168.1.12. ಲ್ಯಾಪ್‌ಟಾಪ್ 192.168.68.54.

ನೆಟ್‌ಕೆಲಸ_ನಿಟುವಳ್ಳಿ
ಸಿಕ್ಕಿತು. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ಹಾಗಾಗಿದೆ. ಕಂಪನಿ ರೌಟರ್ ತನ್ನ ಕಡೆಯವರಿಗೆ 192.168.1 ಎಂದು ನಂಬರ್ ಹಂಚುತ್ತಿದೆ. ಮೆಶ್‌ನ ಮೊದಲ ಡಬ್ಬಿ ತಾನೂ ರೌಟರ್ ಎಂದುಕೊಂಡು 192.168.68 ಎಂದು ಇನ್ನೊಂದು ಸಾಲು ಹಂಚುತ್ತಿದೆ. ಒಳಗಿನ ನಂಬರ್‌ಗಳನ್ನು ಹೊರಗಿನ ಒಂದು ನಂಬರ್‌ಗೆ ಬದಲಿಸುವುದಕ್ಕೆ ನ್ಯಾಟ್ ಎನ್ನುತ್ತಾರೆ. ಅದು ಎರಡು ಸಲ ಆಗುತ್ತಿರುವುದರಿಂದ ಇದು ಡಬಲ್ ನ್ಯಾಟ್. ನೆಟ್ ಓಡುತ್ತದೆ, ಯೂಟ್ಯೂಬ್ ಓಡುತ್ತದೆ. ಆದ್ದರಿಂದಲೇ ಬಹಳ ಜನಕ್ಕೆ ಗೊತ್ತೇ ಆಗುವುದಿಲ್ಲ. ಪ್ರಿಂಟರ್, ಟಿವಿಗೆ ಸ್ಕ್ರೀನ್ ಕಳಿಸುವುದು, ಮನೆಯೊಳಗಿನ ಕ್ಯಾಮೆರಾ, ಕೆಲವು ಆಟಗಳು, ಇವು ಕೈಕೊಡುತ್ತವೆ. ಪ್ರಿಂಟರ್ "ನಾನಿಲ್ಲಿದ್ದೇನೆ" ಎಂದು ಕೂಗುವುದು ತನ್ನ ಸಾಲಿನವರಿಗೆ ಮಾತ್ರ ಕೇಳಿಸುತ್ತದೆ. ಮೆಶ್ ಡಬ್ಬಿ ಆ ಕೂಗನ್ನು ಆಚೆ ದಾಟಿಸುವುದಿಲ್ಲ.

ಪರಿಹಾರ ಸುಲಭ. ಮೆಶ್ ಆ್ಯಪ್‌ನಲ್ಲಿ ಆಪರೇಷನ್ ಮೋಡ್ ಎಂದು ಒಂದು ಆಯ್ಕೆ ಇರುತ್ತದೆ. ಈಗ ರೌಟರ್ ಮೋಡ್‌ನಲ್ಲಿದೆ. ಅದನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿ. ಕೇಬಲ್ ಇದ್ದಲ್ಲೇ ಇರಲಿ. ಡಬ್ಬಿಗಳು ರೀಸ್ಟಾರ್ಟ್ ಆಗುತ್ತವೆ, ಸ್ವಲ್ಪ ಹೊತ್ತು ನೆಟ್ ಇರುವುದಿಲ್ಲ, ಗಾಬರಿ ಬೇಡ. ಆಮೇಲೆ ನಂಬರ್ ಹಂಚುವ ಕೆಲಸ ಪೂರ್ತಿ ಕಂಪನಿ ರೌಟರ್‌ನದ್ದು. ಮೆಶ್ ಬರೀ ವೈಫೈ ನೋಡಿಕೊಳ್ಳುತ್ತದೆ.

ಹದಡಿರೋಡ್_ಎಂಜಿನಿಯರ್
ಆ್ಯಕ್ಸೆಸ್ ಪಾಯಿಂಟ್ ಮೋಡ್ ಎಂದರೆ ಮೆಶ್‌ಗೆ ಕೊಟ್ಟ ದುಡ್ಡು ಅರ್ಧ ನೀರಿಗೆ ಹಾಕಿದ ಹಾಗೆ. ಮಕ್ಕಳ ಟೈಮ್ ಲಿಮಿಟ್, ಯಾವ ಫೋನಿಗೆ ಎಷ್ಟು ಸ್ಪೀಡ್ ಎನ್ನುವ ಹಿಡಿತ, ಎಷ್ಟೋ ಸೆಟ್‌ಗಳಲ್ಲಿ ಇದೆಲ್ಲ ಹೋಗುತ್ತದೆ. ಸರಿಯಾದ ದಾರಿ ಬ್ರಿಡ್ಜ್ ಮೋಡ್, ಅಂದರೆ ಕಂಪನಿ ಡಬ್ಬಿ ರೌಟರ್ ಕೆಲಸ ಬಿಟ್ಟು ನೆಟ್ ಅನ್ನು ಸುಮ್ಮನೆ ದಾಟಿಸುವುದು. ಕಂಪನಿ ಡಬ್ಬಿಯನ್ನು ಬ್ರಿಡ್ಜ್ ಮಾಡಿ, ಲಾಗಿನ್ ಅನ್ನು ಮೆಶ್‌ನಲ್ಲೇ ಹಾಕಿ. ಆಗ ರೌಟರ್ ಒಂದೇ ಆಗುತ್ತದೆ, ಅದೂ ನಿಮ್ಮದೇ. ಸಾಧ್ಯವಾದರೆ ವೈಫೈ 7 ತಲೆಮಾರಿನ ಸೆಟ್ ತಗೊಳ್ಳಿ, ಸುಮ್ನೆ ಹಳೇದರಲ್ಲಿ ಯಾಕೆ ಒದ್ದಾಡಬೇಕು?

ನಿವೃತ್ತ_ದೂರವಾಣಿ
ತಮ್ಮಾ, ಬ್ರಿಡ್ಜ್ ಮೋಡ್ ಒಳ್ಳೆಯದೇ, ನಾನು ಅಲ್ಲ ಎನ್ನುವುದಿಲ್ಲ. ಆದರೆ ಮಾಡುವ ಮುಂಚೆ ಕೈಯಲ್ಲಿ ಏನೇನು ಇರಬೇಕು ಗೊತ್ತಾ? ಪಿಪಿಪಿಒಇ, ಅಂದರೆ ಲಾಗಿನ್ ಹಾಕಿ ಸೇರುವ ಲೈನ್ ಆಗಿದ್ದರೆ ಯೂಸರ್ ಹೆಸರು, ಪಾಸ್‌ವರ್ಡ್. ಅದರ ಜೊತೆ ವಿಲ್ಯಾನ್ ನಂಬರ್, ಅಂದರೆ ಕಂಪನಿ ತನ್ನ ಲೈನ್‌ನಲ್ಲಿ ನೆಟ್‌ಗೆ ಕೊಟ್ಟ ಗುರುತಿನ ನಂಬರ್. ಇದರಲ್ಲಿ ಒಂದು ತಪ್ಪಿದರೂ ಮನೆಯಲ್ಲಿ ನೆಟ್ ಇಲ್ಲ. ಎಲ್ಲ ಕಂಪನಿಯವರೂ ಗಿರಾಕಿಗೆ ಇದನ್ನು ಕೊಡುವುದಿಲ್ಲ. ಕೆಲವರ ಡಬ್ಬಿಯಲ್ಲಿ ಬ್ರಿಡ್ಜ್ ಆಯ್ಕೆಯೇ ಕಾಣದ ಹಾಗೆ ಮುಚ್ಚಿಟ್ಟಿರುತ್ತಾರೆ. ಇನ್ನು ಲೈನ್ ಕೆಟ್ಟ ದಿನ ಹುಡುಗ ಬಂದು ಡಬ್ಬಿಯ ಹಿಂದಿನ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡಿದ ಎಂದರೆ ಬ್ರಿಡ್ಜ್ ಹೋಯಿತು. ಈ ತಾಯಿ ಆಗ ಮೀಟಿಂಗ್ ಬಿಟ್ಟು ವಿಲ್ಯಾನ್ ನಂಬರ್ ಹುಡುಕಬೇಕು.

ಬ್ರಿಡ್ಜ್ ಮಾಡಿದರೆ ಹೊರಗಿನಿಂದ ಮನೆಯ ಕ್ಯಾಮೆರಾಗೆ ನೇರ ಬರಬಹುದು ಎಂದು ಬಹಳ ಹುಡುಗರು ಅಂದುಕೊಳ್ಳುತ್ತಾರೆ. ರೌಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಅದರ ಹೊರಗಿನ ಕಡೆಯ ನಂಬರ್ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ಕಂಪನಿಯೇ ತನ್ನ ಕಡೆ ಇನ್ನೊಂದು ನ್ಯಾಟ್ ಇಟ್ಟಿದೆ ಎಂದು ಅರ್ಥ. 2012ರಲ್ಲಿ ಆ ನಂಬರ್‌ಗಳನ್ನು ಇದಕ್ಕೆಂದೇ ತೆಗೆದಿಟ್ಟರು. ಆಗ ನೀವು ಮನೆಯಲ್ಲಿ ಬ್ರಿಡ್ಜ್ ಅಲ್ಲ, ಸೇತುವೆಯನ್ನೇ ಕಟ್ಟಿದರೂ ಹೊರಗಿನಿಂದ ಬಾಗಿಲು ತೆರೆಯುವುದಿಲ್ಲ.

ಹದಡಿರೋಡ್_ಎಂಜಿನಿಯರ್
ಸರ್, ಅದು ಒಪ್ಪಿದೆ. ನನ್ನದು 100.70 ಎಂದೇ ಇದೆ. ಆದರೂ ಕಂಪನಿ ರೌಟರ್‌ನ ಮೇಲೆ ನನಗೆ ನಂಬಿಕೆ ಇಲ್ಲ. ಫೋನು, ಟಿವಿ, ಬಲ್ಬು ಎಲ್ಲ ಸೇರಿ ಜಾಸ್ತಿ ಆದರೆ ಅದು ಸುಸ್ತಾಗುತ್ತದೆ.

ನಿವೃತ್ತ_ದೂರವಾಣಿ
ಅದು ವೈಫೈ ಹೊತ್ತು ಸುಸ್ತಾಗುವುದು. ವೈಫೈ ಭಾರ ಇಳಿಸಿದರೆ ಅದೇ ಡಬ್ಬಿ ಎಷ್ಟೋ ವರ್ಷ ಸುಮ್ಮನೆ ನಡೆಯುತ್ತದೆ.

ನೆಟ್‌ಕೆಲಸ_ನಿಟುವಳ್ಳಿ
ವೈಫೈ 7ರ ಮಾತು. ಅದರ ಸರ್ಟಿಫಿಕೇಟ್ ಶುರುವಾಗಿದ್ದೇ 2024ರ ಜನವರಿಯಲ್ಲಿ. ಮನೆಯಲ್ಲಿರುವ ಫೋನುಗಳಲ್ಲಿ ಎಷ್ಟಕ್ಕೆ ಅದು ಬರುತ್ತದೆ ನೋಡಿ. 100ರ ಪ್ಲ್ಯಾನ್‌ಗೆ ವೈಫೈ 5 ಸಾಕು, 6 ಇದ್ದರೆ ಸಂತೋಷ. ಗೋಡೆಗೆ ನಂಬರ್ ಗೊತ್ತಾಗುವುದಿಲ್ಲ. ವೈಫೈ ತರಂಗಗಳಲ್ಲಿ 2.4 ಗಿಗಾಹರ್ಟ್ಸ್‌ನದ್ದು ಗೋಡೆ ದಾಟುತ್ತದೆ, ಸ್ಪೀಡು ಕಡಿಮೆ. 5 ಗಿಗಾಹರ್ಟ್ಸ್‌ನಲ್ಲಿ ಸ್ಪೀಡು ಜಾಸ್ತಿ, ಗೋಡೆ ಎದುರಾದರೆ ಸೊರಗುತ್ತದೆ. ಅದಕ್ಕಿಂತ ಮೇಲಿನದ್ದು ಇನ್ನೂ ಬೇಗ ಸೊರಗುತ್ತದೆ. ಹೊಸದಾಗಿ ಕೊಳ್ಳುವವರು ಡಬ್ಬಿಯ ಹಿಂದಿನ ಪೋರ್ಟ್ ಮಾತ್ರ ನೋಡಿಕೊಳ್ಳಿ. ಅಗ್ಗದ ಕೆಲವು ಸೆಟ್‌ಗಳಲ್ಲಿ ಪೋರ್ಟೇ 100ರದ್ದು. 200, 300ರ ಪ್ಲ್ಯಾನ್ ಇದ್ದವರು ಅದನ್ನು ತಂದರೆ ಕೇಬಲ್ಲಿನಲ್ಲೇ ಕಟ್.

ಮೇಡಂ, ಮೋಡ್ ಬದಲಿಸಿದ ಮೇಲೆ ಮಾವನವರ ಫೋನಿನ ವಿಷಯ. ಕಂಪನಿ ರೌಟರ್‌ನ ತಳದ ಸ್ಟಿಕ್ಕರ್‌ನಲ್ಲಿ ಲಾಗಿನ್ ವಿವರ ಇರುತ್ತದೆ. ಬ್ರೌಸರ್‌ನಲ್ಲಿ 192.168.1.1 ಹೊಡೆದು ಒಳಗೆ ಹೋಗಿ. ವೈಫೈ 2.4 ಮತ್ತು 5 ಎಂದು ಎರಡು ಕಡೆ ಇರುತ್ತದೆ. ಎರಡನ್ನೂ ಆಫ್ ಮಾಡಿ. ಅದಕ್ಕೆ ಮುಂಚೆ ಹಳೇ ವೈಫೈ ಹೆಸರು, ಪಾಸ್‌ವರ್ಡ್ ಬರೆದಿಟ್ಟುಕೊಂಡು, ಅದೇ ಹೆಸರು, ಅದೇ ಪಾಸ್‌ವರ್ಡ್ ಅನ್ನು ಮೆಶ್‌ಗೆ ಕೊಡಿ. ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಲ್ಲ ಇದ್ದ ಹಾಗೇ. ಆಗ ಮಾವನವರ ಫೋನು, ಟಿವಿ, ಪ್ರಿಂಟರ್ ಯಾವುದಕ್ಕೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಅವಕ್ಕೆ ಏನು ಬದಲಾಯಿತು ಎನ್ನುವುದೇ ತಿಳಿಯುವುದಿಲ್ಲ.

ಮಹಡಿಮನೆ_ಪಿಜೆ
ಮೋಡ್ ಬದಲಿಸಿದೆ, ಹಳೇ ವೈಫೈ ಆಫ್ ಮಾಡಿದೆ. ಪ್ರಿಂಟರ್ ತಾನಾಗಿ ಕಾಣಿಸಿತು! ಲ್ಯಾಪ್‌ಟಾಪ್ ಈಗ 192.168.1.23. ಮಾವ "ಇವತ್ತು ನೆಟ್ ಚೆನ್ನಾಗಿದೆಯಲ್ಲ" ಎಂದರು, ಅಷ್ಟೇ. ಕಂಪನಿ ರೌಟರ್‌ಗೆ ಸಿಕ್ಕಿಸಿದ ಲ್ಯಾಂಡ್‌ಲೈನ್ ಕೂಡ ಮೊದಲಿನ ಹಾಗೇ ಇದೆ. ಆದರೆ ಹಿಂದಿನ ರೂಮಿನ ಸ್ಪೀಡು ಅಲ್ಲಿಗೇ ನಿಂತಿದೆ. ಕಡ್ಡಿ ಮಾತ್ರ ಪೂರ್ತಿ.

ನೆಟ್‌ಕೆಲಸ_ನಿಟುವಳ್ಳಿ
ಕಡ್ಡಿ ಹೇಳುವುದು ನಿಮ್ಮ ಲ್ಯಾಪ್‌ಟಾಪ್‌ಗೂ ಪಕ್ಕದ ಡಬ್ಬಿಗೂ ಇರುವ ಸಂಬಂಧ. ಆ ಡಬ್ಬಿಗೂ ಕೆಳಗಿನ ಡಬ್ಬಿಗೂ ಹೇಗಿದೆ ಎನ್ನುವುದನ್ನು ಅದು ಹೇಳುವುದಿಲ್ಲ. ಸಿಗ್ನಲ್ ಸಿಗದ ರೂಮಿನಲ್ಲೇ ಡಬ್ಬಿ ಇಟ್ಟರೆ ಡಬ್ಬಿಗೂ ಸಿಗ್ನಲ್ ಸಿಗುವುದಿಲ್ಲ, ಅಲ್ವಾ? ಅದನ್ನು ನಡುದಾರಿಯಲ್ಲಿ ಇಡಬೇಕು. ನಿಮ್ಮ ಮನೆಯಲ್ಲಿ ಮೆಟ್ಟಿಲು ಎಲ್ಲಿದೆ? ಮೆಟ್ಟಿಲು ಹತ್ತುವ ಕಂಡಿಯಲ್ಲಿ ಸ್ಲ್ಯಾಬ್ ಇರುವುದಿಲ್ಲ. ಸಿಗ್ನಲ್ ಮೇಲೆ ಹತ್ತುವುದೂ ಅಲ್ಲಿಂದಲೇ. ಕೆಳಗಿನ ಮೆಶ್ ಡಬ್ಬಿಯನ್ನು ಶೋಕೇಸ್‌ನಿಂದ ಹೊರಗೆ ತಂದು ಮೆಟ್ಟಿಲ ಬುಡದ ಕಡೆ ಇಡಿ, ಎರಡನೆಯದನ್ನು ಮೆಟ್ಟಿಲ ತಲೆಯಲ್ಲಿ. ಕಬ್ಬಿಣದ ಬೀರು, ಕನ್ನಡಿ, ನೀರಿನ ಟ್ಯಾಂಕ್ ನಡುವೆ ಬಾರದ ಹಾಗೆ ನೋಡಿ. ಫೋನಿಗೆ ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು, ಎರಡನೆಯ ಡಬ್ಬಿ ಇಡುವ ಜಾಗದಲ್ಲಿ ನಿಂತು ಮೊದಲನೆಯದರ ಸಿಗ್ನಲ್ ನೋಡಿ. ಆ ನಂಬರ್ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜೋರು. ಮೈನಸ್ 60ರ ಆಸುಪಾಸು ಇದ್ದರೆ ಒಳ್ಳೆಯ ಜಾಗ. ಮೈನಸ್ 75, 80 ಇದ್ದರೆ ಅಲ್ಲಿ ಇಟ್ಟು ಪ್ರಯೋಜನವಿಲ್ಲ.

ಕಲ್ಲಿನಕೋಟೆ_ದುರ್ಗ
ಚಿತ್ರದುರ್ಗದಿಂದ ನನ್ನದೂ ಒಂದು ಮಾತು. ನಮ್ಮದು ಕೋಟೆಯ ಬುಡದ ಕಡೆ ಹಳೇ ಮಾಳಿಗೆ ಮನೆ. ಗೋಡೆ ಎರಡು ಅಡಿ ದಪ್ಪ ಕಲ್ಲು. ಊರಿನ ಬಂಡೆಯಲ್ಲೇ ಕಟ್ಟಿದ್ದು. ಅಲ್ಲಿ ಮೈನಸ್ 60, 70 ಎಂದು ಹುಡುಕಿದರೆ ಏನೂ ಸಿಗುವುದಿಲ್ಲ, ಒಂದು ಗೋಡೆ ದಾಟಿದರೆ ಸಿಗ್ನಲ್ಲೇ ಇಲ್ಲ. ಕೊನೆಗೆ ಕೇಬಲ್ ಎಳೆಸಿದೆ. ಎರಡನೆಯ ಡಬ್ಬಿಗೆ ಈಗ ಮೊದಲನೆಯದರಿಂದ ಕೇಬಲ್ಲಿನಲ್ಲೇ ನೆಟ್ ಹೋಗುತ್ತದೆ. ಇದನ್ನು ವೈರ್ಡ್ ಬ್ಯಾಕ್‌ಹಾಲ್ ಎನ್ನುತ್ತಾರೆ. ಡಬ್ಬಿ ಅದೇ, ಸೆಟ್ ಅದೇ, ವ್ಯತ್ಯಾಸ ಅಜಗಜಾಂತರ. ಮೆಶ್ ಎಂದರೆ ವೈರ್ ಇರಬಾರದು ಎಂದು ಯಾರೂ ಹೇಳಿಲ್ಲ.

ಕಲ್ಲು ಕೊರೆಯಲು ಎಲೆಕ್ಟ್ರಿಷಿಯನ್ ಕೈಮುಗಿದ. ಗೋಡೆ ಮುಟ್ಟದೆ ಬೆಳಕಿಂಡಿಯಿಂದ ಕೇಬಲ್ ಮಾಳಿಗೆ ಮೇಲೆ ಹೋಗಿ, ಪ್ಯಾರಪೆಟ್ ಗುಂಟ ಹೋಗಿ, ಆಚೆ ರೂಮಿನ ಬೆಳಕಿಂಡಿಯಿಂದ ಇಳಿದಿದೆ. ಪಿವಿಸಿ ಪೈಪ್ ಒಳಗೆ ಹಾಕಿಸಲೇಬೇಕಾಯಿತು. ಇಲ್ಲಿ ಕೋತಿ ಕಾಟ. ಬರೀ ಕೇಬಲ್ ಕಂಡರೆ ಎಳೆದು ಜೋತಾಡುತ್ತವೆ.

ಮಹಡಿಮನೆ_ಪಿಜೆ
ಕೋತಿ ಇಲ್ಲೂ ಬರುತ್ತದೆ, ನೆನಪಿಸಿದ್ದು ಒಳ್ಳೆಯದಾಯಿತು. ಮೆಟ್ಟಿಲ ಹತ್ತಿರ ಇಟ್ಟ ಮೇಲೆ ಹಿಂದಿನ ರೂಮಿನಲ್ಲಿ 55ರಿಂದ 60 ಬರುತ್ತಿದೆ. ಮೀಟಿಂಗ್‌ಗೆ ಇಷ್ಟು ಸಾಕು. ಆದರೂ ಕೇಬಲ್ ಎಳೆಸುವ ಆಸೆ ಹುಟ್ಟಿದೆ. ತಾರಸಿ ರೂಮಿಗೆ ಇನ್ನೂ ಸರಿಯಾಗಿ ಹೋಗುತ್ತಿಲ್ಲ. ಮಗ ಓದುವುದು ಅಲ್ಲಿ. ಓದುತ್ತಾನೆ ಎಂದು ನಂಬಿದ್ದೇವೆ. ಎಂಥ ಕೇಬಲ್ ತರಿಸಬೇಕು?

ನಿವೃತ್ತ_ದೂರವಾಣಿ
ಕ್ಯಾಟ್ 6 ತರಿಸಿ. ಕ್ಯಾಟ್ 5ಇ ಆದರೂ 100 ಮೀಟರ್‌ವರೆಗೆ ಗಿಗಾಬಿಟ್ ಹೊರುತ್ತದೆ. ಆದರೆ ತಾಮ್ರದ್ದೇ ಇರಲಿ. ಅಗ್ಗಕ್ಕೆ ಸಿಗುವ ಕೇಬಲ್‌ಗಳಲ್ಲಿ ಅಲ್ಯೂಮಿನಿಯಂ ತಂತಿಗೆ ಮೇಲೆ ತಾಮ್ರದ ಲೇಪ ಇರುತ್ತದೆ. ಅಂಗಡಿಯಲ್ಲೇ ಒಂದು ತಂತಿಯ ಸಿಪ್ಪೆ ಸುಲಿದು ಬ್ಲೇಡ್‌ನಲ್ಲಿ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಅದು ಬಗ್ಗಿಸಿದ ಕಡೆ ಮುರಿಯುತ್ತದೆ, ತೂಕದಲ್ಲೂ ಹಗುರ.

ತುದಿಗೆ ಕನೆಕ್ಟರ್ ಹಾಕುವಾಗ ಎರಡೂ ಕಡೆ ಒಂದೇ ಕ್ರಮ ಇರಲಿ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಬರುತ್ತದೆ, ಹೊಸಬರು ಎಡವುವುದು ಅಲ್ಲಿ. ಎಂಟೂ ತಂತಿ ಕನೆಕ್ಟರ್‌ನ ಮೂತಿ ಮುಟ್ಟಿರಬೇಕು. ಗಾಜಿನ ಹಾಗಿರುವ ಆ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಎಂಟು ಹೊಳೆಯುವ ಚುಕ್ಕಿ ಕಾಣಬೇಕು.

ಕಲ್ಲಿನಕೋಟೆ_ದುರ್ಗ
ಯಜಮಾನರು ಹೇಳಿದ್ದು ಅಕ್ಷರಶಃ ನಿಜ. ನಮ್ಮಲ್ಲಿ ಕೇಬಲ್ ಹಾಕಿದ ಮೇಲೆ 200ರ ಪ್ಲ್ಯಾನ್‌ನಲ್ಲಿ 94ಕ್ಕಿಂತ ಮೇಲೆ ಹೋಗುತ್ತಲೇ ಇರಲಿಲ್ಲ. ಕಂದು ಜೋಡಿಯ ಒಂದು ತಂತಿ ಗಿಡ್ಡವಾಗಿ ಮೂತಿ ಮುಟ್ಟಿರಲಿಲ್ಲ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡೇ ಸಾಕು. ಹಾಗಾಗಿ ನೀಲಿ, ಕಂದು ಜೋಡಿಯಲ್ಲಿ ಒಂದು ತಂತಿ ಬಿಟ್ಟರೂ ಲಿಂಕ್ ಸತ್ತುಹೋಗುವುದಿಲ್ಲ, 100ಕ್ಕೆ ಇಳಿದು ಸುಮ್ಮನೆ ಕೂರುತ್ತದೆ. 90 ಚಿಲ್ಲರೆಗೆ ಗಂಟು ಬಿದ್ದ ಸ್ಪೀಡು ಕಂಡರೆ ಮೊದಲು ಕನೆಕ್ಟರ್ ನೋಡಿ.

ಮಂಡಿಪೇಟೆ_ಅಂಗಡಿ
ಕೇಬಲ್ ಎಳೆಯುವುದೇ ಆದರೆ ಮೆಶ್ ಡಬ್ಬಿಯೇ ಯಾಕೆ? ಎರಡನೇ ಸಂಪರ್ಕ ತಗೊಂಡಾಗ ಬಂದ ಹಳೇ ರೌಟರ್ ನನ್ನ ಮೇಜಿನ ಕೆಳಗೆ ಬಿದ್ದಿದೆ. ಅದನ್ನೇ ಗೋಡೌನ್‌ನಲ್ಲಿ ಹಾಕಬಹುದಲ್ಲ?

ನೆಟ್‌ಕೆಲಸ_ನಿಟುವಳ್ಳಿ
ಹಾಕಬಹುದು ಅಣ್ಣ, ಇದು ಒಳ್ಳೆಯ ಉಪಾಯ. ಹಳೇ ರೌಟರ್‌ನ ಐಪಿಯನ್ನು 192.168.1.2 ಮಾಡಿ. ಅದರ ಡಿಎಚ್‌ಸಿಪಿ, ಅಂದರೆ ನಂಬರ್ ಹಂಚುವ ಕೆಲಸ ಆಫ್ ಮಾಡಿ. ಕೇಬಲ್ ಅನ್ನು ವ್ಯಾನ್ ಪೋರ್ಟ್‌ಗೆ ಹಾಕದೆ ಲ್ಯಾನ್ ಪೋರ್ಟ್‌ಗೆ ಹಾಕಿ. ವೈಫೈ ಹೆಸರು, ಪಾಸ್‌ವರ್ಡ್ ಒಂದೇ ಕೊಡಿ. 2.4ರಲ್ಲಿ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 6 ಅಥವಾ 11 ಕೊಟ್ಟರೆ ಒಂದರ ಮೇಲೊಂದು ಬೀಳುವುದಿಲ್ಲ. ಕಳೆದುಕೊಳ್ಳುವುದು ಒಂದೇ. ಫೋನು ಹಿಡಿದು ಓಡಾಡುವಾಗ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುವುದಿಲ್ಲ. ಯಾವಾಗ ದಾಟಬೇಕು ಎಂದು ತೀರ್ಮಾನಿಸುವುದು ಫೋನು. ಮೆಶ್‌ನಲ್ಲಿ ಡಬ್ಬಿಗಳು ಅದಕ್ಕೆ ಸುಳಿವು ಕೊಡುತ್ತವೆ. ಇದರಲ್ಲಿ ಯಾರೂ ಕೊಡುವುದಿಲ್ಲ. ಗೋಡೌನ್‌ನಲ್ಲಿ ಕೂತೇ ಬಿಲ್ ಹಾಕುವವರಿಗೆ ಇದೇನು ಕಷ್ಟವಲ್ಲ.

ಹದಡಿರೋಡ್_ಎಂಜಿನಿಯರ್
ಅಂಗಡಿಯಿಂದ ಗೋಡೌನ್ ಬೇರೆ ಕಟ್ಟಡವಾ? ಹಾಗಿದ್ದರೆ ತಾಮ್ರದ ಕೇಬಲ್ ಹೊರಗೆ ಎಳೆಯುವ ಮುಂಚೆ ಯೋಚಿಸಿ. ನಮ್ಮ ಪಕ್ಕದ ಮನೆಯವರಿಗೆ ಗುಡುಗಿನ ಮಳೆಗೆ ಎರಡೂ ತುದಿಯ ಡಬ್ಬಿ ಹೋದವು.

ನಿವೃತ್ತ_ದೂರವಾಣಿ
ತಮ್ಮ ಸರಿಯಾಗಿ ಹೇಳಿದ. ಬೇಸಿಗೆ ಮಳೆಯ ಸಿಡಿಲು ನೇರ ಬೀಳಬೇಕಾಗಿಲ್ಲ, ಹತ್ತಿರ ಬಿದ್ದರೂ ಉದ್ದ ತಾಮ್ರದಲ್ಲಿ ಏಟು ಹರಿದು ಬರುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆಸಿ, ಎರಡೂ ತುದಿಗೆ ಬೆಳಕನ್ನು ತಾಮ್ರದ ಕೇಬಲ್ಲಿಗೆ ತಿರುಗಿಸುವ ಮೀಡಿಯಾ ಕನ್ವರ್ಟರ್ ಹಾಕಿ. ಫೈಬರ್ ಒಳಗೆ ಹರಿಯುವುದು ಬೆಳಕು, ಅದಕ್ಕೆ ಸಿಡಿಲಿನ ಭಯವಿಲ್ಲ. ಒಳಗೆ ಕಬ್ಬಿಣದ ತಂತಿ ಇಲ್ಲದ ಫೈಬರ್ ಕೇಳಿ ತಗೊಳ್ಳಿ. ಒಂದೇ ಮನೆಯೊಳಗೆ, ಪೈಪಿನಲ್ಲಿ ಆದರೆ ತಾಮ್ರ ಸಾಕು.

ಮಹಡಿಮನೆ_ಪಿಜೆ
ಎಲೆಕ್ಟ್ರಿಷಿಯನ್ ಬಂದು ಮೆಟ್ಟಿಲ ಮೂಲೆಯಲ್ಲಿ ಕೇಸಿಂಗ್ ಪಟ್ಟಿ ಹೊಡೆದು ತಾರಸಿವರೆಗೆ ಕೇಬಲ್ ಎಳೆದುಕೊಟ್ಟರು. ಆ್ಯಪ್‌ನಲ್ಲಿ ಆ ಡಬ್ಬಿಯ ಎದುರು ಈಗ ಎತರ್ನೆಟ್ ಎಂದು ತೋರಿಸುತ್ತಿದೆ. ಸ್ಪೀಡು ಪೂರ್ತಿ. ಒಂದು ಪ್ರಶ್ನೆ ಮಾತ್ರ ಉಳಿದಿದೆ. ಕರೆಂಟ್ ಹೋದರೆ ಕೆಳಗೆ ನೆಟ್ ಇರುತ್ತದೆ, ಮೇಲೆ ಇರುವುದಿಲ್ಲ.

ಕಲ್ಲಿನಕೋಟೆ_ದುರ್ಗ
ಮೇಲಿನ ಪ್ಲಗ್ಗು ಇನ್ವರ್ಟರ್ ಲೈನ್‌ನಲ್ಲಿ ಇಲ್ಲ ಅಷ್ಟೇ. ಲೈನ್ ಬದಲಿಸುವುದು ತಲೆನೋವಾದರೆ ರೌಟರ್‌ಗೆಂದೇ ಬರುವ ಮಿನಿ ಯುಪಿಎಸ್ ತಗೊಳ್ಳಿ. ಅಡಾಪ್ಟರ್ ಮೇಲೆ ಬರೆದ ವೋಲ್ಟೇಜ್ ನೋಡಿ. 12 ವೋಲ್ಟ್ ಡಬ್ಬಿಗೆ 12ರದ್ದೇ, 9ರದ್ದಕ್ಕೆ 9ರದ್ದೇ. ಆಂಪಿಯರ್ ಅಡಾಪ್ಟರ್‌ನಷ್ಟು ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಪಿನ್ ಸೇರುತ್ತದೆ ಎಂದು ಬೇರೆ ವೋಲ್ಟೇಜ್‌ದು ಸಿಕ್ಕಿಸಬೇಡಿ. ಫೈಬರ್ ಬರುವ ಡಬ್ಬಿ ಮಾತ್ರ ಯಾವ ಕಾರಣಕ್ಕೂ ಆರಬಾರದು. ಅದು ಆರಿದರೆ ಉಳಿದ ಮೂರೂ ಉರಿದು ಏನೂ ಆಗುವುದಿಲ್ಲ.

ಮಂಡಿಪೇಟೆ_ಅಂಗಡಿ
ನಾನೂ ಮನೆಗೆ ಎರಡು ಡಬ್ಬಿಯ ಸೆಟ್ ತಂದೆ, ನಗಬೇಡಿ. ಆ್ಯಕ್ಸೆಸ್ ಪಾಯಿಂಟ್ ಮೋಡ್‌ನಲ್ಲೇ ಹಾಕಿದೆ. ಎಲ್ಲ ಸರಿ, ಗೇಟಿನ ಹೊಸ ಕ್ಯಾಮೆರಾ ಮಾತ್ರ ಸೇರುತ್ತಿಲ್ಲ. ಪಾಸ್‌ವರ್ಡ್ ಸರಿ ಇದೆ.

ನೆಟ್‌ಕೆಲಸ_ನಿಟುವಳ್ಳಿ
ಆ ಕ್ಯಾಮೆರಾಗಳಲ್ಲಿ ಬಹುಪಾಲು 2.4 ಮಾತ್ರ ಹಿಡಿಯುತ್ತವೆ. ನಿಮ್ಮ ಫೋನು 5ರಲ್ಲಿ ಕೂತು ಅದನ್ನು ಕರೆಯುತ್ತಿದೆ. ಮೆಶ್ ಆ್ಯಪ್‌ನಲ್ಲಿ 5 ಅನ್ನು ಸ್ವಲ್ಪ ಹೊತ್ತು ಆಫ್ ಮಾಡಿ. ಸೆಕ್ಯುರಿಟಿ ಡಬ್ಲ್ಯೂಪಿಎ 3 ಎಂದಿದ್ದರೆ ಡಬ್ಲ್ಯೂಪಿಎ 2ಕ್ಕೆ ಇಳಿಸಿ. ಡಬ್ಬಿಯಿಂದ ಡಬ್ಬಿಗೆ ಬೇಗ ದಾಟಿಸುವ ಫಾಸ್ಟ್ ರೋಮಿಂಗ್ ಆನ್ ಇದ್ದರೆ ಅದನ್ನೂ ಆಫ್ ಮಾಡಿ ನೋಡಿ, ಕೆಲವು ಹಳೇ ಸಾಮಾನುಗಳಿಗೆ ಅದು ಒಗ್ಗುವುದಿಲ್ಲ. ಕ್ಯಾಮೆರಾವನ್ನು ಒಳಗೆ ತಂದು, ಡಬ್ಬಿಯ ಪಕ್ಕ ಇಟ್ಟು ಸೇರಿಸಿ, ಆಮೇಲೆ ಗೇಟಿಗೆ ಕಟ್ಟಿ. ಏಣಿ ಮೇಲೆ ನಿಂತು ಪಾಸ್‌ವರ್ಡ್ ಹೊಡೆಯಬೇಡಿ.

ಮಂಡಿಪೇಟೆ_ಅಂಗಡಿ
ಏಣಿ ಮೇಲೇ ನಿಂತಿದ್ದೆ, ಹೆಂಗೆ ಗೊತ್ತಾಯಿತು? ಒಳಗೆ ತಂದು 5 ಆಫ್ ಮಾಡಿದೆ, ಸೇರಿಕೊಂಡಿತು. ಈಗ 5 ಮತ್ತೆ ಆನ್ ಮಾಡಬಹುದಾ?

ನೆಟ್‌ಕೆಲಸ_ನಿಟುವಳ್ಳಿ
ಮಾಡಿ ಅಣ್ಣ. ಅದು 2.4ರಲ್ಲೇ ಇರುತ್ತದೆ.